ಒಂದು ಸೆಮಿಸ್ಟರ್, ಒಂದು ಹಳ್ಳಿ, ಒಂದು ಪ್ರಶ್ನೆ: ವಿದ್ಯಾರ್ಥಿಗಳ ಸಮಾಜ ಸಂಶೋಧನಾ ಪ್ರಾಜೆಕ್ಟಿಗೆ ಯೋಜನೆ ಹಾಕುವ ಬಗೆ

ಸಿನಾಪ್ಸಿಸ್ (ಪ್ರಾಜೆಕ್ಟಿನ ಯೋಜನೆಯ ಸಾರಾಂಶ) ಕೊಡುವ ವಾರ ಬಂತೆಂದರೆ ಮಂಡ್ಯ, ಮೈಸೂರಿನ ಕಾಲೇಜುಗಳಲ್ಲಿ ಗೈಡ್‌ಗಳ ಮೇಜಿನ ಮೇಲೆ ಒಂದೇ ಅಚ್ಚಿನ ಶೀರ್ಷಿಕೆಗಳು ಬಂದು ಬೀಳುತ್ತವೆ. ‘ಗ್ರಾಮೀಣ ಮಹಿಳೆಯರ ಸಬಲೀಕರಣ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’, ‘ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ’, ‘ರೈತರ ಸಮಸ್ಯೆಗಳು ಮತ್ತು ಪರಿಹಾರೋಪಾಯಗಳು’. ಇವುಗಳಲ್ಲಿ ಒಂದರಲ್ಲೂ ಪ್ರಶ್ನೆಯಿಲ್ಲ. ಪ್ರಶ್ನೆಯೇ ಇಲ್ಲದ ಮೇಲೆ ಯಾರನ್ನು ಕೇಳಬೇಕು, ಏನು ಕೇಳಬೇಕು, ಎಷ್ಟು ಜನರನ್ನು ಕೇಳಿದರೆ ಸಾಕು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ನಿಮ್ಮ ಹತ್ತಿರ ಇರುವುದು ಒಂದು ಸೆಮಿಸ್ಟರ್, ಒಂದು ಬಸ್ ಪಾಸು, ಜೊತೆಗೆ ಬರುವ ಒಬ್ಬ ಸಹಪಾಠಿ. ಇಷ್ಟರೊಳಗೆ ಉತ್ತರ ಸಿಗುವ ಮಟ್ಟಕ್ಕೆ ಪ್ರಶ್ನೆಯನ್ನು ಕಿರಿದು ಮಾಡಿದರೆ ಯೋಜನೆಯ ಮುಕ್ಕಾಲು ಭಾಗ ಮುಗಿದಂತೆ.

ಇಲ್ಲಿ ಒಂದೇ ಉದಾಹರಣೆಯನ್ನು ಉದ್ದಕ್ಕೂ ಬಳಸುತ್ತೇನೆ: ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು. ನಿಮ್ಮ ವಿಷಯ ಬೇರೆಯಾದರೂ ಹೆಜ್ಜೆಗಳು ಬದಲಾಗುವುದಿಲ್ಲ.

ಹೆಜ್ಜೆ 1: ವಿಷಯವನ್ನು ಪ್ರಶ್ನೆಯಾಗಿಸುವುದು

‘ಸಬಲೀಕರಣ’ ಎಂದು ಬರೆದು ಹಳ್ಳಿಗೆ ಹೋದರೆ, “ನೀವು ಸಬಲರಾಗಿದ್ದೀರಾ?” ಎಂದು ಕೇಳಬೇಕಾಗುತ್ತದೆ. ಅದಕ್ಕೆ ಯಾರೂ ಉತ್ತರ ಕೊಡಲಾರರು. ಹಾಗಾಗಿ ಕಣ್ಣಿಗೆ ಕಾಣುವ, ಎಣಿಸಬಹುದಾದ, ಹೇಳಲು ಸಂಕೋಚವಿಲ್ಲದ ಗುರುತುಗಳಿಗೆ ಇಳಿಯಿರಿ. ಗಾರ್ಮೆಂಟ್ಸ್ ಸಂಬಳ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ಖಾತೆಯ ಎಟಿಎಂ ಕಾರ್ಡ್ ಯಾರ ಹತ್ತಿರ ಇರುತ್ತದೆ? ಪಿನ್ ಯಾರ್ಯಾರಿಗೆ ಗೊತ್ತು? ಬ್ಯಾಂಕಿನ ಮೆಸೇಜ್ ಯಾರ ಮೊಬೈಲಿಗೆ ಬರುತ್ತದೆ? ಹೋದ ತಿಂಗಳ ಸಂಬಳದಲ್ಲಿ ಯಾರನ್ನೂ ಕೇಳದೆ ಆಕೆ ಮಾಡಿದ ಅತಿ ದೊಡ್ಡ ಖರ್ಚು ಯಾವುದು? ಈ ನಾಲ್ಕು ಪ್ರಶ್ನೆಗಳು ಕೊಡುವಷ್ಟು ತಿಳಿವಳಿಕೆಯನ್ನು ‘ಸಬಲೀಕರಣದ ಬಗ್ಗೆ ನಿಮ್ಮ ಅಭಿಪ್ರಾಯ’ ಎಂಬ ಒಂದು ಪುಟದ ಪ್ರಶ್ನೆ ಕೊಡದು.

ಹೀಗೆ ಇಳಿದ ಮೇಲೆ ಪ್ರಶ್ನೆಯ ರೂಪ ಇದು: ‘ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮದುವೆಯಾದ ಹೆಂಗಸರ ಸಂಬಳ ಯಾರ ಕೈಯಲ್ಲಿ ಖರ್ಚಾಗುತ್ತದೆ? ಅದೇ ಊರಿನಲ್ಲಿ ಕೂಲಿಗೆ ಹೋಗುವವರಿಗೂ ಡೇರಿಗೆ ಹಾಲು ಹಾಕುವವರಿಗೂ ಇದರಲ್ಲಿ ವ್ಯತ್ಯಾಸವಿದೆಯೇ?’ ಇಲ್ಲಿ ಊರು ಗೊತ್ತಿದೆ, ಜನ ಗೊತ್ತಿದ್ದಾರೆ, ಹೋಲಿಕೆ ಗೊತ್ತಿದೆ. ಡೇರಿಯನ್ನು ಸೇರಿಸಿದ್ದಕ್ಕೂ ಕಾರಣವಿದೆ. ಹಸು ಕಟ್ಟುವುದು, ಹಾಲು ಕರೆಯುವುದು, ಕ್ಯಾನ್ ಹೊರುವುದು ಹೆಂಗಸಾದರೂ ಎಷ್ಟೋ ಮನೆಗಳಲ್ಲಿ ಹಾಲಿನ ಸಂಘದ ಸದಸ್ಯತ್ವ ಇರುವುದು ಗಂಡನ ಹೆಸರಿನಲ್ಲಿ. ಹಾಲಿನ ಬಟವಾಡೆ ಬೀಳುವುದೂ ಅವನ ಖಾತೆಗೇ.

ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ನಾನು ಬಳಸುವ ಪರೀಕ್ಷೆ ಒಂದೇ. ಉತ್ತರ ‘ಹೌದು’ ಬಂದರೂ ‘ಇಲ್ಲ’ ಬಂದರೂ ನಿಮಗೆ ಬರೆಯಲು ಏನಾದರೂ ಇದೆಯೇ? ‘ರೈತರಿಗೆ ಸಮಸ್ಯೆಗಳಿವೆಯೇ’ ಎಂಬುದಕ್ಕೆ ಇಲ್ಲ ಎಂಬ ಉತ್ತರ ಬರುವ ಸಂಭವವೇ ಇಲ್ಲ. ಅದನ್ನು ಕೈಬಿಡಿ.

ಹೆಜ್ಜೆ 2: ಊರು ಆರಿಸುವುದು

ಮಂಡ್ಯದ ವಿದ್ಯಾರ್ಥಿಗಳಿಗೆ ಮನೆ ಹತ್ತಿರವೇ ಒಂದು ಪಾಠ ಇದೆ; ಬಹಳ ಮಂದಿಗೆ ಅದು ಗೊತ್ತೇ ಇಲ್ಲ. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಒಂದಕ್ಕೆ ಕೃಷ್ಣರಾಜಸಾಗರದ ನಾಲೆ ನೀರು ಬಂದಿತ್ತು. ಇನ್ನೊಂದರ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಒಣಭೂಮಿಯಾಗಿಯೇ ಉಳಿದಿತ್ತು. ಮಿಕ್ಕ ವಿಷಯಗಳಲ್ಲಿ ಎರಡೂ ಊರುಗಳಿಗೆ ಸಾಕಷ್ಟು ಹೋಲಿಕೆ ಇತ್ತು. ನೀರು ಬಂದ ಊರಿನಲ್ಲಿ ಕಬ್ಬು ಬಂತು, ದುಡ್ಡು ಬಂತು. ಜಾತಿ ಸಂಬಂಧ, ಹಳೆಯ ಕಟ್ಟಳೆಗಳು ಮಾತ್ರ ಬಹುಪಾಲು ಹಾಗೆಯೇ ಉಳಿದವು. ನೀರು ಸಿಗದ ಊರಿನ ಜನ ಮಂಡ್ಯ ಪಟ್ಟಣದ ಕೆಲಸಕ್ಕೆ, ವ್ಯಾಪಾರಕ್ಕೆ, ಗಿರಣಿಗೆ ಇಳಿದರು; ಹಳೆಯ ಸಂಬಂಧಗಳು ಸಡಿಲವಾದದ್ದು ಅಲ್ಲೇ ಹೆಚ್ಚು. ನೀರಾವರಿ ಬಂದ ಕಡೆಯೇ ಸಮಾಜ ಹೆಚ್ಚು ಬದಲಾಗಿರುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಒಂದೇ ಊರು ನೋಡಿದ್ದರೆ ಆ ಊಹೆ ಮುರಿಯುತ್ತಿರಲಿಲ್ಲ. 1970ರಲ್ಲಿ ಅವರು ಅದೇ ಊರುಗಳಿಗೆ ಮತ್ತೆ ಬಂದು ಬದಲಾವಣೆಗಳನ್ನು ದಾಖಲಿಸಿದರು.

ನೀವು ಎರಡು ವರ್ಷ ಊರಲ್ಲಿ ಕೂರಲಾರಿರಿ. ಆದರೆ ಒಂದು ವಿಷಯದಲ್ಲಿ ಬೇರೆಯಾಗಿ, ಉಳಿದವುಗಳಲ್ಲಿ ಹತ್ತಿರವಿರುವ ಎರಡು ಗುಂಪುಗಳನ್ನು ಪಕ್ಕಪಕ್ಕ ಇಡುವ ಉಪಾಯವನ್ನು ಎರವಲು ಪಡೆಯಬಹುದು. ನಮ್ಮ ಉದಾಹರಣೆಯಲ್ಲಿ ಒಂದೇ ಊರಿನ ಬೇರೆ ಬೇರೆ ದುಡಿಮೆಯ ಹೆಂಗಸರನ್ನು ಇಟ್ಟದ್ದು ಅದಕ್ಕೇ. ನಾಗಮಂಗಲದ ಒಣ ಹೋಬಳಿಯ ಒಂದು ಊರು, ಪಾಂಡವಪುರದ ನಾಲೆ ಬಯಲಿನ ಇನ್ನೊಂದು ಊರು ಎಂದು ಹೊರಟರೆ ಓಡಾಟ ಇಮ್ಮಡಿಯಾಗುತ್ತದೆ. ನಾಲ್ಕು ಜನರ ತಂಡವಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಸ್ವಂತ ಊರನ್ನೇ ಆರಿಸಬಹುದೇ? ಬಾಗಿಲು ಬೇಗ ತೆರೆಯುತ್ತದೆ, ನಿಜ. ಆದರೆ “ಇಂಥವರ ಮಗಳಲ್ವಾ ನೀನು” ಎಂದು ಶುರುವಾದ ಮಾತಿನಲ್ಲಿ ಸಂಬಳದ ವಿಚಾರ ಹೊರಗೆ ಬರುವುದಿಲ್ಲ. ದುಡ್ಡು, ಸಾಲ, ಜಗಳದ ವಿಷಯಕ್ಕೆ ಪಕ್ಕದ ಊರೇ ವಾಸಿ. ಶಾಲೆ, ರಸ್ತೆ, ಬಸ್ಸಿನ ವಿಷಯವಾದರೆ ಸ್ವಂತ ಊರು ಸಾಕು.

ಮೈಸೂರು ನಗರದಲ್ಲೇ ಮಾಡುವವರಿಗೆ ದೇವರಾಜ ಮಾರುಕಟ್ಟೆಯ ಹೂವಿನವರು, ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಹೆಂಗಸರು, ಪೌರಕಾರ್ಮಿಕರು, ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯರು ಸಿಗುತ್ತಾರೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಈ ಕೊನೆಯ ವಿಷಯ ಅನೇಕರ ಕೈಗೆ ಬಂದಿದೆ. ಅಲ್ಲಿ ‘ಶಕ್ತಿಯಿಂದ ಏನಾಯಿತು’ ಎಂದು ಕೇಳಬೇಡಿ. ಮೊದಲು ಹೇಗಿತ್ತು ಎಂಬ ನಂಬಬಹುದಾದ ಲೆಕ್ಕ ನಿಮ್ಮ ಕೈಯಲ್ಲಿರುವುದಿಲ್ಲ.

ಹೆಜ್ಜೆ 3: ಈಗಾಗಲೇ ಏನಿದೆ ನೋಡುವುದು

ಇದಕ್ಕೆ ಎರಡು ವಾರ ಸಾಕು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ನಿಮ್ಮ ವಿಷಯದ ಹಳೆಯ ಪ್ರಬಂಧಗಳನ್ನು ತೆಗೆದು, ಅವರು ಕೇಳಿದ ಪ್ರಶ್ನೆಗಳ ಪಟ್ಟಿಯನ್ನಷ್ಟೇ ನೋಡಿ. ಅದರಲ್ಲಿ ಮಿಕ್ಕಿದ್ದು ಏನೆಂದು ಗೊತ್ತಾಗುತ್ತದೆ. ಅಂಕಿಗಳಿಗೆ ಜಿಲ್ಲಾ ಸಾಂಖ್ಯಿಕ ಕಚೇರಿ ಹೊರತರುವ ‘ಜಿಲ್ಲಾ ಅಂಕಿ ಅಂಶಗಳ ನೋಟ’ ಮತ್ತು ಜನಗಣತಿಯ ಗ್ರಾಮವಾರು ಪಟ್ಟಿ ಇವೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಅದು ಹಳೆಯ ಲೆಕ್ಕ. ಊರಿನ ಇಂದಿನ ಮನೆಗಳ ಸಂಖ್ಯೆಯನ್ನು ಪಂಚಾಯ್ತಿಯಲ್ಲಿ ಅಥವಾ ಅಂಗನವಾಡಿಯಲ್ಲಿ ಕೇಳಿ ಪಡೆಯಿರಿ.

ಹೆಜ್ಜೆ 4: ಕೊನೆಯ ಕೋಷ್ಟಕವನ್ನು ಮೊದಲೇ ಬರೆಯುವುದು

ಇದನ್ನು ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ. ಆದರೂ ಮಾಡಿ. ಒಂದು ಹಾಳೆಯಲ್ಲಿ ಗೆರೆ ಎಳೆದು, ಎಡಕ್ಕೆ ‘ಗಾರ್ಮೆಂಟ್ಸ್, ಕೂಲಿ, ಹಾಲು’ ಎಂದೂ ಮೇಲೆ ‘ಹಣ ತನ್ನ ಕೈಯಲ್ಲಿ, ಗಂಡನ ಕೈಯಲ್ಲಿ, ಅತ್ತೆಯ ಕೈಯಲ್ಲಿ, ಇಬ್ಬರೂ ಸೇರಿ’ ಎಂದೂ ಬರೆಯಿರಿ. ಒಳಗೆ ಸಂಖ್ಯೆ ಬೇಡ. ಇಂತಹ ನಾಲ್ಕೈದು ಖಾಲಿ ಕೋಷ್ಟಕಗಳು ನಿಮ್ಮ ಇಡೀ ವರದಿ. ಪ್ರಶ್ನಾವಳಿಯ ಯಾವ ಪ್ರಶ್ನೆ ಈ ಯಾವ ಕೋಷ್ಟಕಕ್ಕೂ ಹೋಗುವುದಿಲ್ಲವೋ ಅದನ್ನು ಹೊಡೆದುಹಾಕಿ. ‘ನಿಮ್ಮ ಮನೆಯಲ್ಲಿ ಟಿವಿ ಇದೆಯೇ, ಫ್ರಿಜ್ ಇದೆಯೇ’ ಎಂಬ ಸಾಲುಗಳು ಹಳೆಯ ಪ್ರಬಂಧಗಳಿಂದ ನಕಲಾಗಿ ಬಂದಿರುತ್ತವೆ. ಬಳಕೆಯಿಲ್ಲದಿದ್ದರೆ ಅವರ ಸಮಯ ಏಕೆ ತಿನ್ನುವುದು?

ಹೆಜ್ಜೆ 5: ಯಾರನ್ನು ಕೇಳುವುದು

ಬಹುತೇಕ ಪ್ರಾಜೆಕ್ಟುಗಳು ಕೆಡುವುದು ಇಲ್ಲಿ. ‘ಸರಳ ಯಾದೃಚ್ಛಿಕ ಮಾದರಿ ಅನುಸರಿಸಲಾಗಿದೆ’, ಅಂದರೆ ಎಲ್ಲರಿಗೂ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿ ಆರಿಸಲಾಗಿದೆ, ಎಂದು ವರದಿಯಲ್ಲಿ ಇರುತ್ತದೆ. ನಿಜದಲ್ಲಿ ಬಸ್ ಸ್ಟಾಪಿನ ಹತ್ತಿರದ ಮನೆಗಳು, ಪರಿಚಯದವರ ನೆಂಟರು. ಗೂಗಲ್ ಫಾರಂ ಮಾಡಿ ವಾಟ್ಸ್ಯಾಪ್ ಗುಂಪಿಗೆ ಬಿಟ್ಟರೆ ಇನ್ನೂ ಕಷ್ಟ. ಅದರಲ್ಲಿ ಸಿಗುವುದು ನಿಮ್ಮ ತರಗತಿಯ ಅಭಿಪ್ರಾಯ.

ಮೊದಲು ಪಟ್ಟಿ ಬೇಕು. ಗಾರ್ಮೆಂಟ್ಸ್‌ಗೆ ಹೋಗುವವರ ಪಟ್ಟಿ ಯಾವ ಕಚೇರಿಯಲ್ಲೂ ಸಿದ್ಧವಿರುವುದಿಲ್ಲ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಡೇರಿ ಕಾರ್ಯದರ್ಶಿ, ಈ ಮೂವರ ಜೊತೆ ಕೂತರೆ ಅರ್ಧ ದಿನದಲ್ಲಿ ಆಗುತ್ತದೆ. ಬೆಳಿಗ್ಗೆ ಕಾರ್ಖಾನೆಯ ಗಾಡಿ ಬಂದು ನಿಲ್ಲುವ ಜಾಗದಲ್ಲಿ ನಿಂತು ತಾಳೆ ನೋಡಿ. ಒಂದು ಎಚ್ಚರ: ಪಟ್ಟಿ ಹೇಳುವವರು ಊರೊಳಗಿನವರೇ ಆಗಿದ್ದರೆ ಕಾಲೋನಿಯ (ದಲಿತರ ಕೇರಿಯ) ಹೆಸರುಗಳು ಬಿಟ್ಟುಹೋಗಬಹುದು. ಬೇಕೆಂದೇ ಬಿಟ್ಟಿರುತ್ತಾರೆ ಎಂದಲ್ಲ, ಅವರ ಓಡಾಟ ಅಲ್ಲಿಗೆ ಕಡಿಮೆ. ಕಾಲೋನಿಗೆ ನೀವೇ ಹೋಗಿ ಬೇರೆಯಾಗಿ ಕೇಳಿ ಬರೆದುಕೊಳ್ಳಿ.

ಪಟ್ಟಿಯಲ್ಲಿ 90 ಹೆಂಗಸರು ಬಂದರು ಎಂದುಕೊಳ್ಳೋಣ. ನಿಮಗೆ ಸಾಧ್ಯವಾಗುವುದು 45. ಹಾಗಾದರೆ ಪ್ರತಿ ಎರಡನೆಯವರು. 1 ಮತ್ತು 2 ಎಂದು ಚೀಟಿ ಹಾಕಿ, ಬಂದದ್ದರಿಂದ ಶುರುಮಾಡಿ. ಮನೆಗಳ ಪಟ್ಟಿಯಾದರೂ ಇದೇ ಲೆಕ್ಕ: 360 ಮನೆಗಳಲ್ಲಿ 40 ಬೇಕಿದ್ದರೆ ಪ್ರತಿ 9ನೆಯ ಮನೆ, ಚೀಟಿಯಲ್ಲಿ 4 ಬಂದರೆ 4, 13, 22, 31 ಹೀಗೆ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ, ಮತ್ತೊಂದು ದಿನ ಬನ್ನಿ. ಬೀಗ ಹಾಕಿದ ಮನೆಯವರೇ ದುಡಿಮೆಗೆ ಹೋಗಿರುವವರು. ಅವರನ್ನು ಬಿಟ್ಟರೆ ಪ್ರಾಜೆಕ್ಟಿನ ವಿಷಯವನ್ನೇ ಬಿಟ್ಟಂತೆ.

ಇಂಟರ್ನೆಟ್ಟಿನ ಲೆಕ್ಕಪಟ್ಟಿ ನೋಡಿ ‘ಮಾದರಿ 384 ಇರಬೇಕು’ ಎಂದು ಹೆದರುವವರಿದ್ದಾರೆ. ಅದು ದೊಡ್ಡ ಜನಸಂಖ್ಯೆಯಿಂದ ಯಾದೃಚ್ಛಿಕವಾಗಿ ಆರಿಸಿ, 95 ಶೇಕಡ ಭರವಸೆಯಲ್ಲಿ (ನೂರು ಸಲ ಹೀಗೆ ಆರಿಸಿದರೆ ಸುಮಾರು ತೊಂಬತ್ತೈದು ಸಲ) 5 ಶೇಕಡ ಹೆಚ್ಚುಕಡಿಮೆಯೊಳಗೆ ಉತ್ತರ ಬೇಕೆನ್ನುವವರ ಸಂಖ್ಯೆ. 90ರ ಪಟ್ಟಿಯಿಂದ ಚೀಟಿ ಹಾಕಿ 45 ಆರಿಸಿದರೆ ಅದೇ ಭರವಸೆಯಲ್ಲಿ ಸುಮಾರು 10 ಶೇಕಡದಷ್ಟು ಹೆಚ್ಚುಕಡಿಮೆ ಇರುತ್ತದೆ. ಅದನ್ನು ಹಾಗೆಯೇ ಬರೆದರೆ ಯಾವ ಪರೀಕ್ಷಕರೂ ಆಕ್ಷೇಪಿಸುವುದಿಲ್ಲ. ಅಂದಾಜಿಗೆ ತುಂಬಿದ 384 ಫಾರಂಗಳಿಗಿಂತ ಕೂತು ಮಾತಾಡಿದ 45 ಮೇಲು. ಕೂಲಿಯವರನ್ನೂ ಹಾಲಿನವರನ್ನೂ ಇದೇ ಕ್ರಮದಲ್ಲಿ 20ರಂತೆ ಆರಿಸಿಕೊಳ್ಳಿ. 20 ಜನರಿಂದ ಶೇಕಡಾವಾರು ಹೇಳಲಾಗದು, ಹೋಲಿಕೆಗೆ ಒಂದು ದಿಕ್ಕು ಸಿಗುತ್ತದೆ.

ಹೆಜ್ಜೆ 6: ಪ್ರಶ್ನಾವಳಿ

ಪಠ್ಯಪುಸ್ತಕದ ಕನ್ನಡದಲ್ಲಿ ಬರೆದ ಪ್ರಶ್ನೆಯನ್ನು ಹಳ್ಳಿಯಲ್ಲಿ ನೀವೇ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ, ಮತ್ತು ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳುತ್ತೀರಿ. ಆಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಂತಾಗುವುದಿಲ್ಲ. ‘ಕುಟುಂಬದ ಋಣಭಾರದ ಪ್ರಮಾಣವೇನು?’ ಎಂದು ಬರೆಯಬೇಡಿ. “ಸಂಘದ ಸಾಲ ಐತಾ ಅಕ್ಕ? ವಾರದ ಕಂತಾ, ತಿಂಗಳ ಕಂತಾ? ಎಷ್ಟು ಕಟ್ಟಬೇಕು?” ಎಂದು ಬಾಯಲ್ಲಿ ಬರುವಂತೆಯೇ ಹಾಳೆಯಲ್ಲೂ ಇರಲಿ. ಸಂಘದ ಸಾಲ, ಕೈಸಾಲ, ಒಡವೆ ಅಡ ಇಟ್ಟ ಸಾಲ ಇವನ್ನು ಬೇರೆ ಬೇರೆಯಾಗಿ ಕೇಳಿ. ‘ಸಾಲ ಇದೆಯೇ’ ಎಂದರೆ ಬ್ಯಾಂಕಿನದ್ದನ್ನು ಮಾತ್ರ ಹೇಳುವವರು ಇದ್ದಾರೆ.

ಉತ್ತರವನ್ನು ಬಾಯಿಗೆ ಇಡುವ ಪ್ರಶ್ನೆ ಬೇಡ. ‘ಕೆಲಸಕ್ಕೆ ಹೋಗುವುದರಿಂದ ನಿಮಗೆ ಗೌರವ ಹೆಚ್ಚಾಗಿದೆಯಲ್ಲವೇ?’ ಎಂದರೆ ಹೂಂ ಎನ್ನುತ್ತಾರೆ, ಮರ್ಯಾದೆಗೆ. ‘ಸಾಮಾನ್ಯವಾಗಿ’ ಎಂಬುದನ್ನೂ ಬಿಟ್ಟು ‘ಹೋದ ಸಂಬಳ ಬಂದಾಗ’ ಎಂದು ಕೇಳಿ. ನಡೆದ ಸಂಗತಿಯನ್ನು ನೆನೆಯುವುದು ಸುಲಭ. ಕ್ರಮದಲ್ಲಿ ಮೊದಲು ಕೆಲಸದ ಮಾತು: ಎಷ್ಟು ಗಂಟೆಗೆ ಹೊರಡುತ್ತೀರಿ, ಟೈಲರೋ ಹೆಲ್ಪರೋ, ಟಾರ್ಗೆಟ್ ಹೇಗೆ. ಆಮೇಲೆ ಮನೆಗೆಲಸ, ಮಕ್ಕಳು. ದುಡ್ಡಿನ ಮಾತು ಅದಾದ ಮೇಲೆ. ವಯಸ್ಸು, ಓದು, ಜಾತಿ ಕಡೆಗೆ. ಜಾತಿ ನಿಮ್ಮ ಕೋಷ್ಟಕದಲ್ಲಿ ಇಲ್ಲದಿದ್ದರೆ ಕೇಳಲೇಬೇಡಿ.

ಗೃಹಲಕ್ಷ್ಮಿಯ 2000 ರೂಪಾಯಿ ಬಗ್ಗೆ ಒಂದು ಪ್ರಶ್ನೆ ಇಡುವುದು ಒಳ್ಳೆಯದು. ಆ ಹಣ ಬರುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯಾದವರಿಗೆ. ಕೂಡು ಕುಟುಂಬದಲ್ಲಿ ಅದು ಹೆಚ್ಚಾಗಿ ಅತ್ತೆಗೆ ಬರುತ್ತದೆ, ಸಂಬಳ ಸೊಸೆಗೆ. ಒಂದೇ ಸೂರಿನಡಿ ಇಬ್ಬರು ಹೆಂಗಸರ ಎರಡು ಖಾತೆಗಳನ್ನು ಪಕ್ಕಪಕ್ಕ ನೋಡುವ ಅವಕಾಶ ಮೊದಲೆಲ್ಲ ಇರಲಿಲ್ಲ.

ಬೇರೆ ಊರಿನ ಐದಾರು ಜನರ ಮೇಲೆ ಪ್ರಶ್ನಾವಳಿಯನ್ನು ಪ್ರಯೋಗಿಸಿ, ಅರ್ಧ ಗಂಟೆ ಮೀರಿದರೆ ಕತ್ತರಿಸಿ.

ಹೆಜ್ಜೆ 7: ಅನುಮತಿ, ಒಪ್ಪಿಗೆ, ಗುಟ್ಟು

ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸಹಿಯ ಪತ್ರ ಕೈಯಲ್ಲಿರಲಿ, ಒಂದು ಪ್ರತಿ ಪಂಚಾಯ್ತಿಯ ಪಿಡಿಒಗೆ (ಅಭಿವೃದ್ಧಿ ಅಧಿಕಾರಿಗೆ) ಕೊಡಿ. ಕಾಲೇಜಿನ ಗುರುತಿನ ಚೀಟಿ ಕುತ್ತಿಗೆಯಲ್ಲಿರಲಿ. ಫಾರಂ ಹಿಡಿದು ಬಂದವರನ್ನು ಜನ ಸರ್ಕಾರದವರೆಂದೋ ಫೈನಾನ್ಸ್‌ನವರೆಂದೋ ತಿಳಿಯುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಮನೆಮನೆಗೆ ಬಂದು ಹೋಗಿರುವುದರಿಂದ “ಆಗ್ಲೇ ಎಲ್ಲಾ ಬರ್ಕೊಂಡೋಗವ್ರಲ್ಲ” ಎನ್ನುವವರೂ ಸಿಗುತ್ತಾರೆ. “ಯಾವ್ ಸ್ಕೀಮ್ ಮಗಾ ಇದು, ದುಡ್ ಬತ್ತದಾ?” ಎಂಬ ಪ್ರಶ್ನೆಗೆ ನೇರವಾಗಿ ಹೇಳಿ: “ಇಲ್ಲ ಅಜ್ಜಿ, ಯಾವ ದುಡ್ಡೂ ಬರಲ್ಲ, ಇದು ನಮ್ಮ ಓದಿಗೆ. ಇಷ್ಟ ಇಲ್ಲ ಅಂದ್ರೆ ಬೇಡ, ಮಧ್ಯದಲ್ಲಿ ನಿಲ್ಲಿಸಬೇಕು ಅಂದ್ರೂ ನಿಲ್ಲಿಸ್ತೀನಿ.” ಈ ಮಾತಿಗೆ ಒಪ್ಪಿದ ಮೇಲೆಯೇ ಪೆನ್ನು ತೆಗೆಯಿರಿ. ಹದಿನೆಂಟು ತುಂಬದವರಾದರೆ ಹೆತ್ತವರ ಒಪ್ಪಿಗೆಯೂ ಬೇಕು.

ಫಾರಂ ಮೇಲೆ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಹೆಸರಿನ ಪಟ್ಟಿ ಬೇರೆ ಪುಸ್ತಕದಲ್ಲಿರಲಿ. ಆಧಾರ್ ನಂಬರ್, ಖಾತೆ ನಂಬರ್ ಕೇಳಬೇಡಿ. ಪಿನ್ ಯಾರಿಗೆ ಗೊತ್ತು ಎಂದಷ್ಟೇ ಕೇಳುವುದು. ಪಿನ್ ಎಷ್ಟೆಂದು ಅವರೇ ಹೇಳಲು ಬಂದರೂ ತಡೆಯಿರಿ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಅಧ್ಯಯನ ಮಾಡಿದಾಗ ಅದನ್ನು ‘ರಾಂಪುರ’ ಎಂದು ಕರೆದರು. ಎಪ್‌ಸ್ಟೈನ್ ಕೂಡ ಎರಡೂ ಊರಿಗೆ ಬೇರೆ ಹೆಸರಿಟ್ಟರು. ನೀವೂ ಊರಿಗೆ ಒಂದು ಹೆಸರಿಡಿ.

ಮಾತಿನ ನಡುವೆ ಹೊಡೆತ ಬಡಿತದ ವಿಚಾರ ಹೊರಬಂದರೆ ನಿಮ್ಮ ಪ್ರಶ್ನಾವಳಿ ಪಕ್ಕಕ್ಕೆ. ಕೇಳಿಸಿಕೊಳ್ಳಿ, ಮಹಿಳಾ ಸಹಾಯವಾಣಿ 181ರ ವಿಷಯ ತಿಳಿಸಿ, ಗೈಡ್‌ಗೆ ಹೇಳಿ. ಪಂಚಾಯ್ತಿ ಮಾಡಲು ಹೋಗಬೇಡಿ.

ಹೆಜ್ಜೆ 8: ದಿನಗಳ ಲೆಕ್ಕ

ಗಾರ್ಮೆಂಟ್ಸ್‌ನವರು ಮನೆಯಲ್ಲಿ ಸಿಗುವುದು ಭಾನುವಾರ. ಒಬ್ಬ ವಿದ್ಯಾರ್ಥಿ ದಿನಕ್ಕೆ ನಾಲ್ಕು ಸಂದರ್ಶನ ಮಾಡಬಹುದು, ಅದಕ್ಕಿಂತ ಹೆಚ್ಚು ಮಾಡಿದರೆ ಕೇಳುವ ಕಿವಿ ದಣಿಯುತ್ತದೆ. ಇಬ್ಬರಿದ್ದರೆ ಭಾನುವಾರಕ್ಕೆ ಎಂಟು. 45 ಮುಗಿಯಲು ಆರು ಭಾನುವಾರ ಬೇಕು. ‘ಒಂದು ವಾರದಲ್ಲಿ ಫೀಲ್ಡ್ ವರ್ಕ್ ಮುಗಿಸುತ್ತೇವೆ’ ಎಂದು ಸಿನಾಪ್ಸಿಸ್‌ನಲ್ಲಿ ಬರೆಯುವವರು ಈ ಭಾಗಾಕಾರ ಮಾಡಿಲ್ಲ. ಭಾನುವಾರದಲ್ಲೂ ಹನ್ನೊಂದರಿಂದ ಒಂದೂವರೆವರೆಗೆ ಬಟ್ಟೆ ಒಗೆತ, ಬಾಡಿನ ಅಡುಗೆ. ಆಗ ಹೋದರೆ ಊಟ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಎರಡೂವರೆ ನಂತರ ಸರಿ. ಹಾಲಿನವರನ್ನು ವಾರದ ದಿನ ಡೇರಿ ಮುಂದೆ ಸಂಜೆ ಕಂಡು, ಮನೆಗೆ ಬರುವ ಹೊತ್ತು ಕೇಳಿಕೊಳ್ಳಿ. ಕೂಲಿಯವರು ಸಿಗುವುದು ಕತ್ತಲಾದ ಮೇಲೆ. ಕೊನೆಯ ಬಸ್ಸಿನ ಹೊತ್ತು ಗೊತ್ತಿರಲಿ, ಒಬ್ಬರೇ ಹೋಗದೆ ಇಬ್ಬರೂ ಜೊತೆಯಾಗಿ ಹೋಗಿ.

ಆಷಾಢದಲ್ಲಿ ಹೊಸದಾಗಿ ಮದುವೆಯಾದವರು ತವರಿಗೆ ಹೋಗಿರುತ್ತಾರೆ. ನಾಟಿ ದಿನಗಳಲ್ಲಿ ನಾಲೆ ಬಯಲಿನ ಊರು ಹಗಲು ಖಾಲಿ. ಊರ ಹಬ್ಬ, ಮಾರಮ್ಮನ ಜಾತ್ರೆಯ ತಾರೀಕನ್ನು ಅಂಗನವಾಡಿಯಲ್ಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪಂಚಾಯ್ತಿ ಚುನಾವಣೆ ಹತ್ತಿರವಿದ್ದರೆ ಮುಗಿಯುವವರೆಗೆ ಹೋಗಬೇಡಿ. ಯಾವ ಪಾರ್ಟಿಯವರು ಕಳಿಸಿದ್ದು ಎಂಬ ಮಾತು ಬರುತ್ತದೆ.

ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ಪ್ರಶ್ನೆಗೆ ಎರಡು ವಾರ, ಓದಿಗೆ ಎರಡು, ಪಟ್ಟಿ ಮತ್ತು ಪ್ರಶ್ನಾವಳಿಗೆ ಎರಡು, ಕ್ಷೇತ್ರಕಾರ್ಯಕ್ಕೆ ಆರು, ಉಳಿದದ್ದು ಬರವಣಿಗೆಗೆ. ಇಂಟರ್‌ನಲ್ಸ್ ಇದೇ ನಡುವೆ ಬರುತ್ತದೆಂಬುದನ್ನು ಮರೆಯಬೇಡಿ.

ಹೆಜ್ಜೆ 9: ಊರಿನಲ್ಲಿ

ಪ್ರಶ್ನೆ ಶುರುವಾದ ಕೂಡಲೇ ಅತ್ತೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಎದ್ದು ಹೋಗಿ ಎನ್ನಲಾಗದು. ಇಬ್ಬರು ವಿದ್ಯಾರ್ಥಿಗಳು ಹೋಗಬೇಕೆನ್ನುವುದು ಇದಕ್ಕೂ ಸೇರಿ: ಒಬ್ಬರು ಅತ್ತೆಯ ಜೊತೆ ಜಗಲಿಯಲ್ಲಿ ಹಳೆಯ ಕಾಲದ ಕೂಲಿ, ಬೆಲ್ಲ, ಆಲೆಮನೆಯ ವಿಷಯ ಮಾತಾಡುತ್ತಿದ್ದರೆ ಇನ್ನೊಬ್ಬರು ಒಳಗೆ ಸೊಸೆಯ ಜೊತೆ ಮುಗಿಸಬಹುದು. ಆದರೂ ಯಾರಾದರೂ ಜೊತೆಗಿದ್ದರೆ ಫಾರಂ ಮೂಲೆಯಲ್ಲಿ ‘ಅತ್ತೆ ಇದ್ದರು’, ‘ಗಂಡ ಇದ್ದರು’ ಎಂದು ಬರೆದಿಡಿ. ಲೆಕ್ಕ ಹಾಕುವಾಗ ಆ ಫಾರಂಗಳನ್ನು ಬೇರೆ ಇಟ್ಟು ನೋಡಿದರೆ ಉತ್ತರ ಬದಲಾಗುತ್ತದೆಯೇ ಎಂಬುದು ತಿಳಿಯುತ್ತದೆ. ಹೆಂಗಸರ ಸಂಬಳದ ವಿಷಯಕ್ಕೆ ಹುಡುಗರು ಮಾತ್ರ ಇರುವ ತಂಡ ಹೋಗಬಾರದು.

ಫಾರಂನೊಳಗೆ ಹಿಡಿಯದ ಮಾತುಗಳೇ ವರದಿಗೆ ಜೀವ. ಅವನ್ನು ಆ ರಾತ್ರಿಯೇ, ಅವರ ಮಾತಿನಲ್ಲೇ ಬರೆಯಿರಿ. ನಾಳೆಗೆ ಅದು ನಿಮ್ಮ ಮಾತಾಗಿರುತ್ತದೆ. ಫಾರಂಗಳ ಫೋಟೊ ತೆಗೆದು ಬೇರೆ ಕಡೆ ಉಳಿಸಿ. ಶ್ರೀನಿವಾಸ್ ಅವರು ಹಳ್ಳಿಯ ಟಿಪ್ಪಣಿಗಳನ್ನು ವಿಂಗಡಿಸಿ ಮಾಡಿಕೊಂಡಿದ್ದ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದವು. ಮೂರೂ ಒಂದೇ ಕಡೆ ಇದ್ದವು. ನೆನಪಿನಿಂದ ಬರೆಯುವ ಶಕ್ತಿ ಅವರಿಗಿತ್ತು.

ಹೆಜ್ಜೆ 10: ಲೆಕ್ಕ ಮತ್ತು ಬರವಣಿಗೆ

ಎಕ್ಸೆಲ್ ಸಾಕು. ಒಂದು ಫಾರಂಗೆ ಒಂದು ಸಾಲು. ಪ್ರತಿ ಭಾನುವಾರದ ಫಾರಂಗಳನ್ನು ಆ ವಾರವೇ ತುಂಬಿ; ಅರ್ಥವಾಗದ ಉತ್ತರವಿದ್ದರೆ ಮುಂದಿನ ವಾರ ಮತ್ತೆ ಕೇಳಬಹುದು. 45 ಜನರಲ್ಲಿ ಒಬ್ಬರೆಂದರೆ 2.2 ಶೇಕಡ. ಆದ್ದರಿಂದ ‘44.44 ಶೇಕಡ’ ಎಂಬ ದಶಾಂಶ ಶೃಂಗಾರ ಬೇಡ, ‘45ರಲ್ಲಿ 20 ಮಂದಿ’ ಎನ್ನಿ. ಬಣ್ಣದ ಪೈ ಚಾರ್ಟ್‌ಗಳನ್ನು ಪುಟಕ್ಕೊಂದು ಹಾಕಿ ದಪ್ಪ ಮಾಡಿದ ವರದಿಯನ್ನು ಪರೀಕ್ಷಕರು ತೂಕ ಹಾಕುವುದಿಲ್ಲ.

ಗಾರ್ಮೆಂಟ್ಸ್‌ನವರ ಕೈಯಲ್ಲೇ ಕಾರ್ಡ್ ಹೆಚ್ಚು ಇದೆ ಎಂದು ಕಂಡರೂ ‘ಕೆಲಸದಿಂದ ಹೀಗಾಯಿತು’ ಎಂದು ಬರೆಯಲು ಆಗದು. ಸ್ವಲ್ಪ ಓದಿದವರು, ಬೇರೆ ಮನೆ ಮಾಡಿಕೊಂಡವರು ಆ ಕೆಲಸಕ್ಕೆ ಹೋಗಿರಬಹುದು. ಕಾರ್ಡ್ ಅವರ ಕೈಗೆ ಬಂದದ್ದು ಅದರಿಂದಲೂ ಇರಬಹುದು. ಬೇರೆ ಮನೆಯವರು, ಕೂಡು ಮನೆಯವರು ಎಂದು ಒಡೆದು ಇನ್ನೊಂದು ಕೋಷ್ಟಕ ಮಾಡಿ ನೋಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬರುವ ಮೊದಲ ಪ್ರಶ್ನೆ ಹೆಚ್ಚುಪಾಲು ಇದೇ.

ವರದಿ ಕೊಟ್ಟ ಮೇಲೆ ಒಂದು ಪುಟದ ಸಾರಾಂಶ ಬರೆದು ಅಂಗನವಾಡಿಯಲ್ಲೋ ಡೇರಿಯಲ್ಲೋ ಓದಿ ಹೇಳಿ ಬನ್ನಿ. ಓದುವ ಮುಂಚೆ ಒಮ್ಮೆ ತಿದ್ದಿ: ‘ಹೆಲ್ಪರ್ ಕೆಲಸ ಮಾಡುವ, ಇಬ್ಬರು ಹೆಣ್ಣುಮಕ್ಕಳ, ಗಂಡ ತೀರಿಕೊಂಡ ಒಬ್ಬರು’ ಎಂಬ ವಾಕ್ಯದಲ್ಲಿ ಹೆಸರಿಲ್ಲದಿದ್ದರೂ ಇಡೀ ಊರಿಗೆ ಅವರು ಯಾರೆಂದು ಗೊತ್ತು. ಅಂತಹ ಸಾಲುಗಳನ್ನು ಸಾರಾಂಶದಿಂದಲೂ ವರದಿಯಿಂದಲೂ ತೆಗೆಯಿರಿ.